ಈಹೊತ್ತು ಬಾ

ದೆವ್ವ, ಗಾಳಿ, ಪೀಡೆ ಎಂಬ ಮಾತು ಬಂದರೆ ನಾನು ಮೊದಲಿನಿಂದಲೂ ಎದ್ದು ಹೋಗುವವಳು. ಯಾರಾದರೂ ದನಿ ತಗ್ಗಿಸಿ ಅಂಥ ಕಥೆ ಶುರು ಮಾಡಿದರೆ ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಹೇಳಿ ಒಳಗೆ ಹೋಗಿಬಿಡುತ್ತಿದ್ದೆ. ಹಾಗಾಗಿ ಇದನ್ನು ಓದುತ್ತಾ ನೀವೂ ನಡುವೆ ಎದ್ದು ಹೋದರೆ ನನಗೆ ಬೇಸರವಿಲ್ಲ. ನಂಬಿ ಎಂದು ಕೇಳುವುದಕ್ಕೆ ಬರೆಯುತ್ತಿಲ್ಲ. ಆದದ್ದು ಆಗಿದೆ. ಅದನ್ನು ಅಲ್ಲವೆನ್ನಲು ನಾನು ತಯಾರಿಲ್ಲ, ಅಷ್ಟೆ.

ನನಗೊಂದು ಅಭ್ಯಾಸವಿದೆ. ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ತಾರೀಖಿಗೂ ಒಂದು ಚೌಕದ ಮನೆ ಇರುತ್ತದಲ್ಲ, ಅದರೊಳಗೆ ಸಣ್ಣ ಅಕ್ಷರದಲ್ಲಿ ಆ ದಿನದ್ದನ್ನು ಬರೆದಿಡುತ್ತೇನೆ. ಏನು ತಿಂಡಿ, ನಲ್ಲಿಯಲ್ಲಿ ನೀರು ಬಂತೋ ಇಲ್ಲವೋ, ಯಾರು ಬಂದರು, ಯಾರು ಹೋದರು. ಮೊಳೆಗೆ ದಾರ ಕಟ್ಟಿ ಪೆನ್ಸಿಲ್ ನೇತು ಹಾಕಿರುತ್ತೇನೆ. ವರ್ಷ ಮುಗಿದ ಮೇಲೆ ಕ್ಯಾಲೆಂಡರನ್ನು ಸುರುಳಿ ಸುತ್ತಿ ಟ್ರಂಕಿನಲ್ಲಿಡುತ್ತೇನೆ. ನನ್ನ ಯಜಮಾನರು ನಗುತ್ತಾರೆ, ‘ಹತ್ತು ವರ್ಷದ ಹಿಂದೆ ಉಪ್ಪಿಟ್ಟು ತಿಂದಿದ್ದು ಯಾರಿಗೆ ಬೇಕೇ?’ ಎಂದು. ಯಾರಿಗೂ ಬೇಡ. ಆದರೂ ಬರೆಯುತ್ತೇನೆ. ಈ ಕಥೆಗೆ ಆ ಕ್ಯಾಲೆಂಡರ್ ಬೇಕು, ಅದಕ್ಕೇ ಹೇಳಿದೆ.

ತೊಂಬತ್ತರ ದಶಕದ ನಡುವಿನ ಮಾತು. ಆಗ ನಾವು ಚಾಮರಾಜಪೇಟೆಯ ಒಂದು ವಠಾರದಲ್ಲಿದ್ದೆವು. ಐದು ಮನೆ, ನಡುವೆ ಕಲ್ಲು ಹಾಸಿದ ಅಂಗಳ, ಒಂದು ನಲ್ಲಿ. ನಾಲ್ಕು ಮನೆಯವರು ಹಿಂದೂಗಳು, ಐದನೆಯವರು ನಾವು, ಕ್ರೈಸ್ತರು. ಮನೆಯಲ್ಲಿ ಮೂರೇ ಜನ: ನಾನು, ಪ್ರೆಸ್ಸಿನಲ್ಲಿ ಎರಡನೇ ಪಾಳಿ ಮಾಡುತ್ತಿದ್ದ ಯಜಮಾನರು, ಮತ್ತು ನಮ್ಮತ್ತೆ ಎಸ್ತರಮ್ಮ. ಅತ್ತೆಗೆ ಎಪ್ಪತ್ತು ದಾಟಿತ್ತು. ಕಿವಿ ಸುಮಾರಾಗಿ ಹೋಗಿತ್ತು. ಪಕ್ಕದಲ್ಲಿ ಕುಕ್ಕರ್ ಕೂಗಿದರೂ ತಿರುಗಿ ನೋಡುತ್ತಿರಲಿಲ್ಲ. ಅವರಿಗೆ ಏನಾದರೂ ಹೇಳಬೇಕಾದರೆ ಎದುರಿಗೆ ನಿಂತು, ಮುಖ ತೋರಿಸಿ, ಎರಡು ಸಲ ಕೂಗಬೇಕು. ನಾಲಿಗೆ ಮಾತ್ರ ಚೆನ್ನಾಗಿತ್ತು.

ಆ ವರ್ಷ ಊರಲ್ಲಿ ಎದ್ದ ಸುದ್ದಿ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಕತ್ತಲಾದ ಮೇಲೆ ಒಂದು ಹೆಣ್ಣು ದೆವ್ವ ಮನೆ ಮನೆಗೆ ಬಂದು ಬಾಗಿಲು ತಟ್ಟುತ್ತದಂತೆ. ನಿಮ್ಮ ಅಮ್ಮನ ದನಿಯಲ್ಲೋ, ಮಗಳ ದನಿಯಲ್ಲೋ, ನಿಮಗೆ ಬೇಕಾದವರ ದನಿಯಲ್ಲೇ ಕರೆಯುತ್ತದಂತೆ. ತೆಗೆದವರು ಬದುಕುವುದಿಲ್ಲವಂತೆ. ಉಪಾಯ ಒಂದೇ. ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯಬೇಕು. ಅದು ಬರುತ್ತದೆ, ಓದುತ್ತದೆ, ಹೋಗುತ್ತದೆ. ಮಾರನೇ ದಿನ ಬರುತ್ತದೆ, ಮತ್ತೆ ಓದುತ್ತದೆ, ಮತ್ತೆ ಹೋಗುತ್ತದೆ. ಮಾಮೂಲ್‌ಪೇಟೆಯ ಅಂಗಡಿ ಸಾಲಿನಿಂದ ಬಸವನಗುಡಿಯ ದೊಡ್ಡ ಗೇಟುಗಳವರೆಗೆ, ಎಲ್ಲಿ ನೋಡಿದರೂ ಸೀಮೆಸುಣ್ಣದ ‘ನಾಳೆ ಬಾ’.

ನಮ್ಮ ವಠಾರದಲ್ಲಿ ಈ ಕೆಲಸ ವಹಿಸಿಕೊಂಡವರು ಎದುರು ಮನೆಯ ಪಂಕಜಮ್ಮ. ಬಹಳ ಒಳ್ಳೆಯ ಹೆಂಗಸು. ಸಂಜೆ ದೀಪ ಹಚ್ಚುವುದಕ್ಕೆ ಮುಂಚೆ ಐದೂ ಬಾಗಿಲಿಗೆ ತಾವೇ ಬರೆಯುತ್ತಾ ಬರುತ್ತಿದ್ದರು. ನಮ್ಮ ಬಾಗಿಲನ್ನೂ ಬಿಡಲಿಲ್ಲ. ಅತ್ತೆ ಅದನ್ನು ನೋಡಿದವರೇ ಒದ್ದೆ ಬಟ್ಟೆ ತಂದು ಒರೆಸಿಬಿಟ್ಟರು.

‘ಯಾಕ್ರೀ ಎಸ್ತರಮ್ಮನವ್ರೇ, ನಿಮ್ ಒಳ್ಳೇದಕ್ಕೇ ಬರ್ದಿದ್ದಲ್ವಾ?’ ಎಂದು ಪಂಕಜಮ್ಮ ಅವರ ಕಿವಿಯ ಹತ್ತಿರ ಕೂಗಿದರು.

‘ನಿಮ್ ಒಳ್ಳೆ ಮನಸ್ಸು ನಂಗೊತ್ತು ಕಣಮ್ಮ. ಆದ್ರೆ ಬಂದೋರು ಯಾರು ಅಂತಾನೂ ನೋಡ್ದೆ ನಾಳೆ ಬಾ ಅಂದ್ರೆ ಹೆಂಗೆ? ನಮ್ ಕರ್ತ ಬಂದ್ರೂ ನಾಳೆ ಬಾ ಅನ್ನೋದಾ?’

ನಮ್ಮ ಹಜಾರದಲ್ಲಿ ಒಂದು ಹಳೆಯ ಪಟವಿತ್ತು. ಯೇಸುಸ್ವಾಮಿ ಲಾಂದ್ರ ಹಿಡಿದು ಯಾರದೋ ಮನೆಯ ಬಾಗಿಲು ತಟ್ಟುತ್ತಿರುವ ಪಟ. ಆ ಬಾಗಿಲಿಗೆ ಹೊರಗಡೆ ಹಿಡಿ ಇಲ್ಲ, ಒಳಗಿದ್ದವರೇ ತೆಗೆಯಬೇಕು. ಅತ್ತೆ ಅದನ್ನು ತೋರಿಸಿದರು.

ಪಂಕಜಮ್ಮ ಬಿಡಲಿಲ್ಲ. ‘ಅದ್ ದೇವ್ರು ರೀ. ಇದ್ ದೆವ್ವ!’

‘ತಟ್ಟಿದಾಗ ಎರಡೂ ಒಂದೇ ಥರ ಕೇಳ್ಸುತ್ತೆ. ತೆಗೆದ್ರೆ ತಾನೆ ಗೊತ್ತಾಗೋದು?’

ಮಾರನೆಯ ಸಂಜೆ ಪಂಕಜಮ್ಮ ಮತ್ತೆ ಬರೆದರು, ಅತ್ತೆ ಮತ್ತೆ ಒರೆಸಿದರು. ಮೂರನೆಯ ಸಂಜೆ ಅತ್ತೆ ಒರೆಸಿ ಸುಮ್ಮನಾಗಲಿಲ್ಲ. ಪಂಕಜಮ್ಮನ ಕೈಯಿಂದಲೇ ಸೀಮೆಸುಣ್ಣ ಇಸಿದುಕೊಂಡು, ದಪ್ಪ ವಕ್ರ ಅಕ್ಷರದಲ್ಲಿ ತಾವೇ ಬರೆದರು: ‘ಈಹೊತ್ತು ಬಾ’.

ಈಹೊತ್ತು ಎಂಬ ಮಾತನ್ನು ಈಗ ಯಾರೂ ಹಾಗೆ ಬಳಸುವುದಿಲ್ಲ. ಇವತ್ತು ಎನ್ನುತ್ತೇವೆ. ಆದರೆ ನಮ್ಮ ಚರ್ಚಿನ ಸಭೆಯಲ್ಲಿ ದಿನಾ ಹೇಳುವ ಪ್ರಾರ್ಥನೆಯಲ್ಲಿ, ಅನ್ನ ಕೇಳುವ ಕಡೆ, ಆ ಹಳೆಯ ಮಾತು ಹಾಗೇ ಉಳಿದಿದೆ. ಅತ್ತೆ ಆ ಮಾತು ಬಂದಾಗ ಒಂದು ಕ್ಷಣ ನಿಲ್ಲುತ್ತಿದ್ದರು, ಪಕ್ಕದವರಿಗೆ ತಾಳ ತಪ್ಪುವಷ್ಟು. ‘ನೋಡು, ಈಹೊತ್ತಿನ ಅನ್ನ ಕೇಳ್ತೀವಿ. ನಾಳೆದು ಕೇಳೋ ಹಕ್ಕೇ ಕೊಟ್ಟಿಲ್ಲ ನಮಗೆ’ ಎನ್ನುತ್ತಿದ್ದರು. ನಾನು ವಾರಕ್ಕೆಲ್ಲ ಆಗುವಷ್ಟು ದೋಸೆ ಹಿಟ್ಟು ರುಬ್ಬಿ ಫ್ರಿಜ್ಜಿನಲ್ಲಿಟ್ಟರೆ ಅದಕ್ಕೂ ಒಂದು ಮಾತು. ಮರುಭೂಮಿಯಲ್ಲಿ ಆಕಾಶದಿಂದ ಬಿದ್ದ ಮನ್ನ ಎಂಬ ಆಹಾರವನ್ನು ಮಾರನೇ ದಿನಕ್ಕೆ ಎತ್ತಿಟ್ಟವರಿಗೆ ಹುಳ ಸಿಕ್ಕಿತು ಎಂದು ನೆನಪಿಸುತ್ತಿದ್ದರು. ಅವರ ಕಾಲದಲ್ಲಿ ಫ್ರಿಜ್ ಇರಲಿಲ್ಲ ಅತ್ತೆ ಎಂದು ನಾನು ಕೂಗಿದರೆ ಕೇಳಿಸದವರಂತೆ ಇರುತ್ತಿದ್ದರು.

ವಠಾರದವರಿಗೆ ಇದು ತಮಾಷೆಯಾಗಿ ಕಾಣಲಿಲ್ಲ. ದೆವ್ವ ಓದಿಕೊಂಡು ಹೇಳಿದಂತೆ ಕೇಳುತ್ತದೆ ಎಂದ ಮೇಲೆ, ಈಹೊತ್ತು ಬಾ ಎಂದು ಬರೆದರೆ ಬರುವುದಿಲ್ಲವೇ? ನಾಲ್ಕು ಮನೆಯವರು ಸೇರಿ ನನ್ನನ್ನು ತರಾಟೆಗೆ ತೆಗೆದುಕೊಂಡರು. ಚಿಕ್ಕ ಮಕ್ಕಳಿರುವ ಜಾಗ, ನಿಮ್ಮತ್ತೆಗೆ ಸ್ವಲ್ಪ ಹೇಳಬಾರದೇ ಎಂದರು. ನಮ್ಮ ಸಭಾಪಾಲಕರೂ ಭಾನುವಾರ ನನ್ನನ್ನು ಪಕ್ಕಕ್ಕೆ ಕರೆದು, ‘ನೆರೆಯವರ ಮನಸ್ಸಿಗೆ ನೋವಾಗೋ ಹಾಗೆ ಯಾಕಮ್ಮ?’ ಎಂದರು. ನಾನು ಅತ್ತೆಗೆ ಹೇಳಿದೆ. ಅತ್ತೆ ಒರೆಸಲಿಲ್ಲ.

ನಿಜ ಹೇಳಬೇಕೆಂದರೆ ನನಗೆ ಆ ಮೂರಕ್ಷರದ ‘ನಾಳೆ ಬಾ’ ಕಂಡರೆ ಬೇರೆಯೇ ಕಾರಣಕ್ಕೆ ಆಗುತ್ತಿರಲಿಲ್ಲ. ಅದನ್ನು ಯಾರಿಗೂ ಹೇಳಿರಲಿಲ್ಲ. ನಿಮಗೆ ಹೇಳುತ್ತೇನೆ.

ನನಗೆ ಒಬ್ಬಳೇ ಅಕ್ಕ, ಸುಗುಣ. ಮದುವೆಯಾಗಲಿಲ್ಲ. ಮಾವಳ್ಳಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ, ಹತ್ತಿರದ ಒಂದು ಚಿಕ್ಕ ಶಾಲೆಯಲ್ಲಿ ಟೀಚರ್. ನಮ್ಮಮ್ಮನನ್ನು ಕೊನೆಯವರೆಗೆ ನೋಡಿಕೊಂಡವಳು ಅವಳೇ. ಇದಕ್ಕೆ ನಾಲ್ಕು ವರ್ಷ ಹಿಂದೆ ಅಮ್ಮ ಮಲಗಿದ್ದಾಗ ಒಂದು ಮಧ್ಯಾಹ್ನ ಪಂಕಜಮ್ಮನ ಮನೆಯ ಫೋನಿಗೆ ಅಕ್ಕ ಕರೆ ಮಾಡಿದಳು. ‘ಅಮ್ಮ ನಿನ್ನ ಕೇಳ್ತಿದಾರೆ, ಬಂದ್ಹೋಗೇ’ ಎಂದಳು. ನಾನು ಆವತ್ತು ಇಡ್ಲಿಗೆ ಅಕ್ಕಿ, ಬೇಳೆ ನೆನೆಹಾಕಿದ್ದೆ. ರುಬ್ಬುವುದಿತ್ತು. ‘ನಾಳೆ ಬರ್ತೀನಿ’ ಎಂದೆ. ಅಮ್ಮ ಅದೇ ರಾತ್ರಿ ಹೋದರು.

ಮಣ್ಣು ಕೊಟ್ಟು ಬಂದ ಮೇಲೆ, ಬಂಧುಗಳೆಲ್ಲ ಕೂತಿದ್ದಾಗ, ಅಕ್ಕ ನನ್ನ ಎದುರಿಗೆ ನಿಂತು ಕೇಳಿದಳು: ‘ನಾಳೆ ಬರ್ತೀನಿ ಅಂದ್ಯಲ್ಲ. ಈಗ ನಾಳೆ ಆಯ್ತು. ಅಮ್ಮ ಎಲ್ಲಿ ತೋರ್ಸು.’

ನನಗೆ ಅವಮಾನವಾಯಿತು. ನೀನು ಸರಿಯಾಗಿ ಔಷಧಿ ಕೊಟ್ಟಿದ್ದರೆ ಅಮ್ಮ ಇನ್ನೂ ಇರುತ್ತಿದ್ದರು ಎಂದುಬಿಟ್ಟೆ. ಅದು ಸುಳ್ಳು. ಸುಳ್ಳೆಂದು ಹೇಳುವಾಗಲೇ ಗೊತ್ತಿತ್ತು. ಆವತ್ತಿನಿಂದ ಮಾತು ನಿಂತಿತು. ಕ್ರಿಸ್ಮಸ್‌ಗೆ ದೇವಾಲಯದಲ್ಲಿ ಕಂಡರೂ ಅವಳು ಆ ಸಾಲು, ನಾನು ಈ ಸಾಲು. ಹೋಗಿ ಕ್ಷಮಿಸು ಎಂದು ಕೇಳಬೇಕು ಎಂದು ನನಗೆ ದಿನಾ ಅನ್ನಿಸುತ್ತಿತ್ತು. ದಿನಾ ನಾಳೆ ಹೋದರಾಯಿತು ಎಂದುಕೊಳ್ಳುತ್ತಿದ್ದೆ. ಚಾಮರಾಜಪೇಟೆಯಿಂದ ಮಾವಳ್ಳಿಗೆ ಅರ್ಧ ಗಂಟೆಯ ದಾರಿ. ನಾಲ್ಕು ವರ್ಷ ನಡೆದರೂ ನಾನು ಅಲ್ಲಿಗೆ ಮುಟ್ಟಿರಲಿಲ್ಲ.

ದಸರಾ ರಜೆಯ ದಿನಗಳು. ಸಂಜೆ ಆರೂಕಾಲು ಇರಬಹುದು, ಕರೆಂಟ್ ಹೋಗಿತ್ತು, ಆದರೆ ಪೂರ್ತಿ ಕತ್ತಲಾಗಿರಲಿಲ್ಲ. ನಾನು ಹುರುಳಿಕಾಯಿ ಸೋಸುತ್ತಾ ಹಜಾರದಲ್ಲಿ ಕೂತಿದ್ದೆ. ಅತ್ತೆ ಗೋಡೆಗೊರಗಿ ಕಣ್ಣು ಮುಚ್ಚಿದ್ದರು. ಸೊಳ್ಳೆ ಬರುತ್ತವೆಂದು ಬಾಗಿಲು ಹಾಕಿದ್ದೆ.

ಇದ್ದಕ್ಕಿದ್ದಂತೆ ಅತ್ತೆ ಕಣ್ಣು ತೆರೆದು, ‘ಯಾರೋ ತಟ್ತಿದಾರೆ, ತೆಗಿ’ ಎಂದರು.

ನನಗೆ ಏನೂ ಕೇಳಿಸಿರಲಿಲ್ಲ. ಮೊದಲು ನಗು ಬಂತು. ಈ ಕಿವಿಗೆ ಏನು ಕೇಳಿಸಿತು ಎಂದುಕೊಳ್ಳುವಷ್ಟರಲ್ಲಿ ನನಗೂ ಕೇಳಿಸಿತು. ಮೆತ್ತಗೆ ಮೂರು ಸಲ. ಬೆರಳ ಗೆಣ್ಣಿನಿಂದ ತಟ್ಟಿದ ಹಾಗೆ. ಆಮೇಲೆ ದನಿ.

‘ಗುಬ್ಬೀ, ಇದ್ದೀಯೇನೇ?’

ನನ್ನನ್ನು ಗುಬ್ಬಿ ಎಂದು ಕರೆಯುತ್ತಿದ್ದವರು ಲೋಕದಲ್ಲಿ ಇಬ್ಬರೇ. ಚಿಕ್ಕವಳಿದ್ದಾಗ ಕಡ್ಡಿಯಂತಿದ್ದೆನಂತೆ, ಅದಕ್ಕೆ. ಈಗ ನನ್ನನ್ನು ನೋಡಿದವರು ಆ ಹೆಸರು ಕೇಳಿದರೆ ನಗುತ್ತಾರೆ. ಅಮ್ಮ ಹೋದ ಮೇಲೆ ಆ ಹೆಸರು ಗೊತ್ತಿದ್ದವಳು ಅಕ್ಕ ಒಬ್ಬಳೇ. ನನ್ನ ಯಜಮಾನರಿಗೂ ಗೊತ್ತಿರಲಿಲ್ಲ. ಅದು ಅಕ್ಕನ ದನಿಯೇ. ಕ್ಲಾಸಿನಲ್ಲಿ ಕೂಗಿ ಕೂಗಿ ಸ್ವಲ್ಪ ಒಡೆದ ದನಿ.

ಊರಿನ ಸುದ್ದಿ ನೆನಪಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನೆನಪಾಯಿತು. ಬೇಕಾದವರ ದನಿಯಲ್ಲಿ ಕರೆಯುತ್ತದೆ. ತೆಗೆಯಬಾರದು. ಕೈಯಲ್ಲಿದ್ದ ಹುರುಳಿಕಾಯಿ ಹಾಗೇ ಹಿಡಿದುಕೊಂಡು ಕೂತೆ. ಅತ್ತೆ ನನ್ನ ಮುಖ ನೋಡಿ, ‘ಕೇಳ್ಸಲಿಲ್ವಾ? ನನಗೇ ಕೇಳ್ಸಿದೆ, ನಿಂಗೇನಾಗಿದೆ? ತೆಗಿಯೇ!’ ಎಂದು ಗದರಿದರು.

ತೆಗೆದೆ. ಯಾರೂ ಇರಲಿಲ್ಲ.

ಐದು ಹೆಜ್ಜೆ ಆಚೆ ನಲ್ಲಿಯ ಹತ್ತಿರ ಪಂಕಜಮ್ಮ ಸೀಮೆಸುಣ್ಣದ ಕೈ ತೊಳೆಯುತ್ತಾ ನಿಂತಿದ್ದರು, ನಮ್ಮ ಬಾಗಿಲಿಗೆ ಮುಖ ಮಾಡಿಕೊಂಡೇ. ‘ಯಾಕ್ರೀ ತೆಗೆದ್ರಿ?’ ಎಂದರು. ‘ಯಾರಾದ್ರೂ ಬಂದಿದ್ರಾ?’ ಎಂದೆ. ‘ನಾನ್ ಇಲ್ಲೇ ಇದೀನಲ್ಲ. ಒಂದು ನಾಯಿನೂ ಬಂದಿಲ್ಲ’ ಎಂದವರು ನನ್ನ ಮುಖ ನೋಡಿ, ಆಮೇಲೆ ಬಾಗಿಲ ಮೇಲಿನ ಅಕ್ಷರ ನೋಡಿ, ಕೊಡವನ್ನೂ ಬಿಟ್ಟು ಒಳಗೆ ಹೋಗಿ ಚಿಲಕ ಹಾಕಿಕೊಂಡರು.

ನಾನು ತಿರುಗಿ ಬಂದು ಅತ್ತೆಯ ಎದುರು ಕೂತು, ‘ಅಕ್ಕನ ದನಿ ಅತ್ತೆ. ಯಾರೂ ಇಲ್ಲ’ ಎಂದು ಕೂಗಿದೆ.

‘ಅಕ್ಕ ಕರೆದ್ರೆ ಹೋಗು.’

‘ಕತ್ತಲಾಯ್ತು. ನಾಳೆ ಬೆಳಗ್ಗೆ...’

ಅಷ್ಟು ಹೇಳಿ ನಾನೇ ನಿಲ್ಲಿಸಿದೆ. ಅತ್ತೆ ತೆರೆದ ಬಾಗಿಲ ಕಡೆ ಒಂದು ಸಲ ನೋಡಿದರು. ಅವರ ವಕ್ರ ಅಕ್ಷರಗಳು ಅಲ್ಲಿದ್ದವು. ನಾನು ಎದ್ದು ಚಪ್ಪಲಿ ಮೆಟ್ಟಿದೆ.

ಮಕ್ಕಳ ಕೂಟದ ಸರ್ಕಲ್‌ವರೆಗೆ ಓಡಿದ ಹಾಗೇ ನಡೆದೆ. ರಜೆಯ ದಿನ, ಸಂಜೆ ಏಳೂ ಆಗಿಲ್ಲ, ಆದರೂ ಬೀದಿ ಖಾಲಿ. ಸಜ್ಜನರಾವ್ ಸರ್ಕಲ್ ದಾಟಿ, ಮಿನರ್ವ ಸರ್ಕಲ್ ದಾಟಿದೆ. ದಾರಿಯುದ್ದಕ್ಕೂ ಮುಚ್ಚಿದ ಬಾಗಿಲುಗಳು, ಎಲ್ಲದರ ಮೇಲೂ ಅದೇ ಬರಹ. ನನಗೆ ಹೆದರಿಕೆಯಾಗಲಿಲ್ಲ, ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಿಲ್ಲ. ಇಡೀ ಊರು ಒಟ್ಟಾಗಿ ನನ್ನನ್ನೇ ವಾಪಸ್ಸು ಹೋಗು ಎಂದ ಹಾಗೆ ಅನ್ನಿಸಿತು. ಹೋಗುವುದಿಲ್ಲ ಎಂದು ಬಾಯಿಬಿಟ್ಟು ಹೇಳಿಕೊಂಡೇ ನಡೆದೆ.

ಅಕ್ಕನ ಮನೆಯ ಮುಂದೆ ನಿಂತಾಗ ನೋಡಿದೆ. ಅವಳ ಬಾಗಿಲ ಮೇಲೂ ಬರೆದಿತ್ತು. ಟೀಚರ್ ಕೈಯ ದುಂಡು ಅಕ್ಷರ, ಕೆಳಗೆ ನೆಟ್ಟಗೆ ಗೆರೆ ಎಳೆದು: ‘ನಾಳೆ ಬಾ’.

ನಾಲ್ಕು ವರ್ಷದ ಮೇಲೆ ಬಂದ ನನಗೆ ಅದನ್ನು ಬೇರೆ ಯಾರಿಗೋ ಬರೆದದ್ದು ಎಂದು ಓದಲು ಆಗಲೇ ಇಲ್ಲ. ನನಗೇ ಬರೆದಿಟ್ಟಿದ್ದಾಳೆ ಎನ್ನಿಸಿತು. ಆದರೂ ತಟ್ಟಿದೆ. ‘ಅಕ್ಕಾ, ನಾನು’ ಎಂದೆ.

ಒಳಗೆ ಮಂಚ ಕಿರುಗುಟ್ಟಿತು. ಆಮೇಲೆ ಅಕ್ಕನ ದನಿ: ‘ನಾಳೆ ಬಾ.’

ಮತ್ತೆ ತಟ್ಟಿದೆ. ‘ನಾನು ಅಕ್ಕಾ. ಗುಬ್ಬಿ.’

‘ನಾಳೆ ಬಾ, ನಾಳೆ ಬಾ, ನಾಳೆ ಬಾ...’ ಪ್ರಾರ್ಥನೆಯಂತೆ ಒಂದೇ ಸಮನೆ.

ನನ್ನ ಕಣ್ಣಲ್ಲಿ ನೀರು ಬಂತು. ಸೇಡು ತೀರಿಸಿಕೊಳ್ಳುತ್ತಿದ್ದಾಳೆ, ನಾನು ಅಮ್ಮನಿಗೆ ಹೇಳಿದ ಮಾತನ್ನೇ ನನಗೆ ತಿರುಗಿ ಕೊಡುತ್ತಿದ್ದಾಳೆ ಎಂದುಕೊಂಡೆ. ಮೆಟ್ಟಿಲು ಇಳಿದೂ ಬಿಟ್ಟೆ. ಆಗ ಎದುರು ಮನೆಯ ಕಿಟಕಿ ಒಂದು ಗೇಣು ತೆರೆದು ಯಾರೋ ಹೆಂಗಸು, ‘ಯಾರಮ್ಮ ಅದು? ಮನುಷ್ಯರಾದ್ರೆ ಬೆಳಗ್ಗೆ ಬನ್ನಿ. ಈ ಹೊತ್ತಲ್ಲಿ ಯಾರ್ ಕರೆದ್ರೂ ಯಾರೂ ತೆಗ್ಯಲ್ಲ’ ಎಂದು ದಡಾರನೆ ಮುಚ್ಚಿಕೊಂಡರು.

ಆಗ ಅರ್ಥವಾಯಿತು. ಅಕ್ಕ ನನ್ನನ್ನು ದೆವ್ವ ಎಂದುಕೊಂಡಿದ್ದಾಳೆ. ನಾಲ್ಕು ವರ್ಷ ಬಾರದ ತಂಗಿ ದಿಢೀರನೆ ಕತ್ತಲಲ್ಲಿ ನಿಂತು ಅಕ್ಕಾ ಎಂದರೆ ಬೇರೇನು ಅಂದುಕೊಂಡಾಳು? ಬೇಕಾದವರ ದನಿಯಲ್ಲಿ ಬರುತ್ತದೆ ಎಂದಲ್ಲವೇ ಎಲ್ಲರೂ ಹೇಳಿದ್ದು? ಹಾಗಾದರೆ ನಾನು ಇನ್ನೂ ಅವಳಿಗೆ ಬೇಕಾದವಳು. ಆ ಸ್ಥಿತಿಯಲ್ಲೂ ನನಗೆ ಸಂತೋಷವಾಯಿತು, ನೋಡಿ.

ತಿರುಗಿ ಮೆಟ್ಟಿಲು ಹತ್ತಿ, ಸೆರಗಿನಿಂದ ಆ ಬರಹವನ್ನು ಗೆರೆ ಸಮೇತ ಒರೆಸಿಹಾಕಿದೆ. ಬಾಗಿಲಿಗೆ ಬಾಯಿಟ್ಟು ಕೂಗಿದೆ. ‘ಬರಲ್ಲ! ನಾಳೆ ಬರಲ್ಲ ಕಣೇ! ಇವತ್ತೇ ಬಂದಿದೀನಿ, ಇವತ್ತೇ ತೆಗಿ!’

ಒಳಗೆ ‘ಸ್ವಾಮೀ, ಸ್ವಾಮೀ’ ಎಂದು ಗೊಣಗುವುದು ಕೇಳಿಸಿತು. ನಾನು ದೆವ್ವವಲ್ಲ ಎಂದು ಆಣೆಯಿಟ್ಟರೆ ನಂಬುತ್ತಾಳೆಯೇ? ದೆವ್ವವೂ ಹಾಗೇ ಹೇಳೀತು. ಆಗ ನನಗೆ ಹೊಳೆದದ್ದು ಅಮ್ಮನ ನೀಲಿ ಹೂವಿನ ಪಿಂಗಾಣಿ ಜಗ್ಗು. ನಾವು ಚಿಕ್ಕವರಿದ್ದಾಗ ಒಡೆದದ್ದು. ಯಾರು ಒಡೆದದ್ದು ಎಂದು ಇಪ್ಪತ್ತೈದು ವರ್ಷ ಜಗಳವಾಡಿದ್ದೆವು.

‘ನೀನ್ ದೊಡ್ಡ ಟೀಚರು! ಅಮ್ಮನ ಜಗ್ಗು ಒಡೆದು ನನ್ ಮೇಲೆ ಹಾಕ್ದೋಳು! ಏಟು ತಿಂದಿದ್ದು ನಾನು!’

ಒಳಗೆ ಗೊಣಗು ನಿಂತಿತು. ಆಮೇಲೆ, ಬತ್ತಿದ ಗಂಟಲಿಂದ, ಆದರೆ ಸಿಟ್ಟಿನಿಂದ, ‘ಸುಳ್ಳೀ! ಒಡೆದಿದ್ದು ನೀನು. ನಾನ್ ಹಿಡ್ಕೊಳ್ಳೋಕ್ ಬಂದೆ.’

‘ತೆಗೆದು ಮುಖ ನೋಡ್ಕೊಂಡ್ ಹೇಳು ಅದನ್ನ!’

ಚಿಲಕ ತೆಗೆದ ಸದ್ದಾಯಿತು.

ಬಾಗಿಲು ತೆಗೆದವಳು ಅಲ್ಲೇ ನನ್ನ ಮೇಲೆ ಕುಸಿದಳು. ಮೈ ಕಾದ ಹೆಂಚು. ನಾಲ್ಕು ದಿನದಿಂದ ಜ್ವರವಂತೆ. ಶಾಲೆಗೆ ರಜೆ, ಹಾಗಾಗಿ ಯಾಕೆ ಬರಲಿಲ್ಲ ಎಂದು ಕೇಳುವವರಿಲ್ಲ. ಮನೆ ಮಾಲೀಕರು ಊರಿಗೆ ಹೋಗಿದ್ದರು. ಹಗಲೆಲ್ಲ ಏಳಲಾಗದೆ ಮಲಗಿದ್ದಳು. ಹಿಂದಿನ ಸಂಜೆ ಗೋಡೆ ಹಿಡಿದು ಹೋಗಿ ಎದುರು ಮನೆಯ ಬಾಗಿಲು ತಟ್ಟಿ ಕರೆದಳಂತೆ, ಸಂಜೆಯ ಹೊತ್ತಾದ್ದರಿಂದ ಯಾರೂ ಓಗೊಡಲಿಲ್ಲ. ಮಂಚದ ಪಕ್ಕದ ತಂಬಿಗೆ ಒಣಗಿತ್ತು. ನೀರು ಕುಡಿಸಿದೆ. ಒಂದು ತಂಬಿಗೆ ಕುಡಿದು ಇನ್ನೊಂದು ಕೇಳಿದಳು.

‘ಸಂಜೆ ನೀನು ನಮ್ ಮನೆ ಹತ್ರ ಬಂದಿದ್ಯಾ?’ ಎಂದು ಕೇಳಿದೆ. ಕೇಳುವಾಗಲೇ ಅದು ಹುಚ್ಚು ಪ್ರಶ್ನೆ ಎಂದು ಗೊತ್ತಾಗುತ್ತಿತ್ತು.

‘ಇವತ್ತು ನೀರಿಗೆ ಏಳಕ್ಕೂ ಆಗ್ಲಿಲ್ಲ, ಚಾಮರಾಜಪೇಟೆಗೆ ಬರ್ತೀನಾ?’ ಎಂದಳು.

‘ನನ್ನ ಕರೆದ್ಯಾ?’

‘ಇವತ್ತು ನಾನ್ ಯಾರನ್ನೂ ಕರೀಲಿಲ್ಲ ಕಣೇ. ನೀರು ಬೇಕಿತ್ತು, ಅಷ್ಟೆ.’

ಆಟೋದವನೊಬ್ಬ ಎರಡು ಸಲ ನನ್ನ ಪಾದ ನೋಡಿ, ನೆಟ್ಟಗಿವೆ ಎಂದು ಖಾತ್ರಿ ಮಾಡಿಕೊಂಡು ಹತ್ತಿಸಿಕೊಂಡ. ಆಸ್ಪತ್ರೆಯಲ್ಲಿ ಟೈಫಾಯಿಡ್ ಎಂದರು. ನಾಳೆ ತಂದಿದ್ದರೆ ಉಳಿಯುತ್ತಿರಲಿಲ್ಲ ಎಂದು ಡಾಕ್ಟರ್ ಹೇಳಿದರು ಎಂದು ಬರೆದರೆ ಕಥೆ ಚೆನ್ನಾಗಿರುತ್ತದೆ. ಅವರು ಹಾಗೆ ಹೇಳಲಿಲ್ಲ. ಬಂದದ್ದು ಒಳ್ಳೆಯದಾಯಿತು ಎಂದರು, ಅಷ್ಟೆ. ಆ ರಾತ್ರಿ ಡ್ರಿಪ್ ಹಾಕಿದ ಅವಳ ಕೈ ಹಿಡಿದುಕೊಂಡು, ಔಷಧಿಯ ವಿಷಯದಲ್ಲಿ ನಾನು ಆಡಿದ್ದು ಸುಳ್ಳು ಎಂದು ಹೇಳಿದೆ. ಅವಳು, ‘ಗೊತ್ತು. ನಾನೂ ಎಲ್ಲರ ಮುಂದೆ ಹಾಗೆ ಕೇಳಬಾರ್ದಿತ್ತು’ ಎಂದಳು. ನಾಲ್ಕು ವರ್ಷದ ಕೆಲಸ ಎರಡು ನಿಮಿಷದಲ್ಲಿ ಮುಗಿಯಿತು.

ಇದಕ್ಕೆ ಒಬ್ಬೊಬ್ಬರು ಒಂದೊಂದು ಹೇಳಿದರು. ಪಂಕಜಮ್ಮ, ‘ಅದೇ ರೀ ಬಂದಿತ್ತು. ನೀವು ಬದುಕಿದ್ದೇ ಹೆಚ್ಚು’ ಎಂದರು. ಸಭಾಪಾಲಕರು ದೇವರ ಕರೆ ಎಂದರು, ಆಮೇಲೆ ಬಾಗಿಲ ಬರಹದ ಬಗ್ಗೆ ಮಾತೆತ್ತಲಿಲ್ಲ. ಯಜಮಾನರು, ಅದು ನಿನ್ನ ಮನಸ್ಸಾಕ್ಷಿಯ ದನಿ, ಮನಸ್ಸಿನಲ್ಲಿದ್ದದ್ದು ಕಿವಿಗೆ ಬಂತು ಎಂದರು. ‘ನನ್ ಮನಸ್ಸಾಕ್ಷಿ ನಿಮ್ ಕಿವುಡಿ ಅಮ್ಮಂಗೆ ನನಗಿಂತ ಮುಂಚೆ ಹೆಂಗ್ರೀ ಕೇಳ್ಸುತ್ತೆ?’ ಎಂದು ಕೇಳಿದೆ. ಅತ್ತೆಯನ್ನು ಕೇಳಿದರೆ, ಯಾರು ಕರೆದದ್ದು ಎಂಬುದಕ್ಕಿಂತ ನೀನು ಹೋದೆಯಲ್ಲ ಅದು ಮುಖ್ಯ ಎಂದು ಹೇಳುತ್ತಾರೆ ಎಂದುಕೊಂಡಿದ್ದೆ. ಅವರು ಹೇಳಿದ್ದು, ‘ತಟ್ಟಿದ್ದು ಕೇಳ್ಸ್ತು, ತೆಗಿ ಅಂದೆ. ಇನ್ನೇನು?’

ಅತ್ತೆ ಅದಾಗಿ ಎರಡು ವರ್ಷಕ್ಕೆ ಹೋದರು. ಅಕ್ಕ ನಮ್ಮ ವಠಾರದಲ್ಲೇ ಒಂದು ಮನೆ ಖಾಲಿಯಾದಾಗ ಬಂದು ಸೇರಿಕೊಂಡಳು. ಒಂಬತ್ತು ವರ್ಷ ಜೊತೆಗಿದ್ದೆವು. ಒಂಬತ್ತು ವರ್ಷ ಎಂದು ಒಟ್ಟಿಗೆ ಹೇಳಿದರೆ ಸುಲಭ. ನಾವು ಅದನ್ನು ದಿನದ ಲೆಕ್ಕದಲ್ಲಿ ಬದುಕಿದೆವು. ಅವಳಿಗೆ ಹಲಸಿನಹಣ್ಣು ತಿನ್ನಬೇಕು ಅನ್ನಿಸಿದರೆ ಆವತ್ತೇ, ಲಾಲ್‌ಬಾಗಿಗೆ ಹೋಗಬೇಕು ಅನ್ನಿಸಿದರೆ ಆವತ್ತೇ, ಜಗಳ ಬಂದರೂ ಆವತ್ತೇ ಆಡಿ ಆವತ್ತೇ ಮುಗಿಸುತ್ತಿದ್ದೆವು. ಜಗ್ಗಿನ ಜಗಳ ಒಂದನ್ನು ಬಿಟ್ಟು. ಅದನ್ನು ಬೇಕೆಂದೇ ಮುಗಿಸಲಿಲ್ಲ. ಒಂಬತ್ತನೇ ವರ್ಷ ಒಂದು ಬೆಳಗ್ಗೆ ಕಾಫಿ ಕುಡಿಯುತ್ತಾ ಅವಳು ಹೋದಾಗ ನಾನು ಎದುರಿಗೇ ಇದ್ದೆ. ಲೋಟ ನನ್ನ ಕೈಗೇ ಕೊಟ್ಟಳು. ಯಾವ ಮಾತೂ ಬಾಕಿ ಇರಲಿಲ್ಲ.

ಆ ಹಳೆಯ ವಠಾರ ಒಡೆದು ಕಟ್ಟಿದ ಮನೆಯಲ್ಲಿ ಈಗಲೂ ಇದ್ದೇವೆ. ಬಾಗಿಲಿಗೆ ಹೊರಗಿನವರನ್ನು ಇಣುಕಿ ನೋಡುವ ಗಾಜಿನ ಕಣ್ಣು ಹಾಕಿಸಿ ಎಂದು ಎಲ್ಲರೂ ಹೇಳುತ್ತಾರೆ. ಹಾಕಿಸಿಲ್ಲ. ಯಾರು ತಟ್ಟಿದರೂ ಎದ್ದು ಹೋಗಿ ತೆಗೆಯುತ್ತೇನೆ. ಕಾಲ ಕೆಟ್ಟಿದೆ ಎನ್ನುತ್ತಾರೆ. ಕೆಟ್ಟಿರಲಿ. ಆವತ್ತು ಬಂದದ್ದು ನಿಜವಾಗಿ ದೆವ್ವವೇ ಆಗಿದ್ದರೂ ಅದು ನನ್ನ ಅಕ್ಕನನ್ನು ನನಗೆ ಕೊಟ್ಟು ಹೋಯಿತು. ಅದಕ್ಕೆ ಹೆದರಿ ಬಾಗಿಲು ಹಾಕಿಕೊಂಡ ಊರೆಲ್ಲ ಸೇರಿ ಅವಳಿಗೆ ಒಂದು ಲೋಟ ನೀರು ಕೊಡಲಿಲ್ಲ.

ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. ಇದನ್ನು ಬರೆಯುವುದಕ್ಕೆ ಮುಂಚೆ ತಾರೀಖು ಸರಿಯಾಗಿ ನೋಡೋಣವೆಂದು ಟ್ರಂಕಿನಿಂದ ಆ ವರ್ಷದ ಕ್ಯಾಲೆಂಡರ್ ತೆಗೆದೆ. ಆ ದಿನದ ಚೌಕದ ಮನೆಯಲ್ಲಿ ನನ್ನದೇ ಸಣ್ಣ ಅಕ್ಷರ, ಅದೇ ಪೆನ್ಸಿಲ್. ‘ಬೆಳಗ್ಗೆ ಅವಲಕ್ಕಿ. ನಲ್ಲಿ ನೀರು ಹತ್ತು ಗಂಟೆಗೆ. ಸಂಜೆ ಅಕ್ಕ ಬಂದಳು.’

ಸಂಜೆ ಅಕ್ಕ ಬರಲಿಲ್ಲ. ಹೋದವಳು ನಾನು. ಆಸ್ಪತ್ರೆಯಿಂದ ನಾನು ಮನೆಗೆ ಬಂದದ್ದು ಮೂರು ದಿನದ ಮೇಲೆ, ಅಲ್ಲಿಯವರೆಗಿನ ಚೌಕಗಳು ಖಾಲಿ ಇವೆ. ಹಾಗಾದರೆ ಅದನ್ನು ಬಾಗಿಲು ತೆಗೆದದ್ದಕ್ಕೂ ಚಪ್ಪಲಿ ಮೆಟ್ಟಿದ್ದಕ್ಕೂ ನಡುವೆ ಬರೆದಿರಬೇಕು. ಬರೆದ ನೆನಪು ನನಗೆ ಎಳ್ಳಷ್ಟೂ ಇಲ್ಲ. ಯಾರು ಬಂದದ್ದನ್ನು ಕಂಡು ಹಾಗೆ ಬರೆದೆನೋ ಗೊತ್ತಿಲ್ಲ. ಪಕ್ಕದಲ್ಲಿ ನಿಂತು ಓದಿದ ಯಜಮಾನರು, ತಪ್ಪು ಬರೆದಿದ್ದೀಯ, ತಿದ್ದು ಎಂದು ರಬ್ಬರ್ ತಂದುಕೊಟ್ಟರು.

ತಿದ್ದಲಿಲ್ಲ. ತಿದ್ದುವುದೂ ಇಲ್ಲ.